ಪಂಪ್ ಬಿಚ್ಚಿಸುವ ಮೊದಲು ಗಾಳಿ ನೋಡಿ

ಶಿರಸಿಯ ಚಳಿಗೆ ನಿಮ್ಮ ಹಳೇ ಲಾರಿ ಬೆಳಗ್ಗೆ ಗಡಗಡ ನಡುಗುತ್ತದೆ, ಬಿಳಿ ಹೊಗೆ ಬಿಡುತ್ತದೆ, ಬಿಸಿಯಾದ ಮೇಲೆ ಸರಿಹೋಗುತ್ತದೆ, ಡೀಸೆಲ್ ಪಂಪ್ ಬಿಚ್ಚಿಸಬೇಕಾ ಅಂತ ಕೇಳಿದ್ದೀರಿ. ಈಗಲೇ ಬೇಡ ಮಾರಾಯ್ರೇ, ಸುಮ್ನೆ ದುಡ್ಡು ದಂಡ.

ಹೊಗೆ ಕಣ್ಣು ಉರಿಸುತ್ತಾ? ಹಾಗಾದರೆ ಅದು ಉರಿಯದ ಡೀಸೆಲ್. ಡೀಸೆಲ್ ಜೊತೆ ಗಾಳಿ ಸೇರಿದರೂ ಹೀಗಾಗಬಹುದು. ಟ್ಯಾಂಕಿನಿಂದ ಡೀಸೆಲ್ ಎಳೆದು ಕೊಡುವ ಫೀಡ್ ಪಂಪಿನವರೆಗಿನ ಪೈಪು ಎಳೆಯುವ ಕಡೆಯದ್ದು, ಅಲ್ಲಿ ಜಾಯಿಂಟ್ ಸಡಿಲವಿದ್ದರೆ ಹೊರಗೆ ಒಂದು ಹನಿಯೂ ಕಾಣದೆ ಒಳಗೆ ಗಾಳಿ ಸೇರಬಹುದು. ನಾಳೆ ಸೆಲ್ಫ್ ಹೊಡೆಯುವ ಮೊದಲು ಡೀಸೆಲ್ ಫಿಲ್ಟರಿನಲ್ಲಿ ಗಾಳಿ ಬಿಡಲು ಇರುವ ಬ್ಲೀಡ್ ಸ್ಕ್ರೂ ಸಡಿಲಿಸಿ, ಕೈಯಿಂದ ಡೀಸೆಲ್ ತಳ್ಳುವ ಹ್ಯಾಂಡ್ ಪ್ರೈಮರ್ ಒತ್ತಿ. ನೊರೆ ನೊರೆಯಾಗಿ ಡೀಸೆಲ್ ಬಂದರೆ ಕಳ್ಳ ಸಿಕ್ಕಿದ ಹಾಗೆ. ಕುಮಟಾದಲ್ಲಿ ನಮ್ಮ ಗಾಡಿಗೆ ಹೀಗೇ ಆಗಿತ್ತು. ಕೊನೆಗೆ ಸಿಕ್ಕಿದ್ದು ಎಂಟಾಣೆ ಅಗಲದ ಒಂದು ತಾಮ್ರದ ವಾಷರ್, ಒಂದು ಬದಿ ಉಗುರಿನಲ್ಲಿ ಗೀರಿದಷ್ಟು ಗೆರೆ ಬಿದ್ದಿತ್ತು, ಅಷ್ಟೇ.

ಗಾಳಿ ಇಲ್ಲವಾ? ಗಾಡಿ ನಡುಗುತ್ತಿರುವಾಗಲೇ ಸಿಲಿಂಡರಿಗೆ ಡೀಸೆಲ್ ಸಿಂಪಡಿಸುವ ಇಂಜೆಕ್ಟರ್‌ಗಳ ಪೈಪಿನ ನಟ್ ಒಂದೊಂದಾಗಿ ಸ್ವಲ್ಪ ಸಡಿಲಿಸಿ, ಮತ್ತೆ ಬಿಗಿ ಮಾಡಿ. ಯಾವುದನ್ನು ಸಡಿಲಿಸಿದರೂ ಸದ್ದು ಬದಲಾಗುವುದಿಲ್ಲವೋ ಆ ಸಿಲಿಂಡರ್ ಕೆಲಸ ಮಾಡುತ್ತಿಲ್ಲ. ಮೇಲೆ ದಪ್ಪ ಬಟ್ಟೆ ಮುಚ್ಚಿ, ಕೈ ಮಾತ್ರ ಹತ್ತಿರ ಇಡಬೇಡಿ, ಆ ಒತ್ತಡದ ಡೀಸೆಲ್ ಚರ್ಮದೊಳಗೇ ನುಗ್ಗುತ್ತದೆ. ಆಮೇಲೆ ಆ ಇಂಜೆಕ್ಟರನ್ನು ಬೇರೆ ಸಿಲಿಂಡರಿಗೆ ಹಾಕಿ ನೋಡಿ. ದೋಷ ಅದರ ಜೊತೆಗೇ ಹೋದರೆ ಅದರ ತುದಿಯ ನಾಝಲ್ ಕೆಟ್ಟಿದೆ, ಅಲ್ಲೇ ಉಳಿದರೆ ಆ ಸಿಲಿಂಡರಿನ ಕಂಪ್ರೆಷನ್, ಅಂದರೆ ಒಳಗೆ ಗಾಳಿ ಅದುಮುವ ಒತ್ತಡ, ಚೆಕ್ ಮಾಡಿಸಿ. ಚಳಿಯಲ್ಲಿ ಸ್ಟಾರ್ಟ್ ಆಗಲು ಬಿಸಿ ಕೊಡುವ ಹೀಟರ್ ಪ್ಲಗ್ ಇರುವ ಇಂಜಿನ್ ಆದರೆ ಅದನ್ನೂ ನೋಡಿ, ಎಲ್ಲಾ ಹಳೇ ಲಾರಿಗಳಲ್ಲೂ ಅದು ಇರುವುದಿಲ್ಲ.