ಕ್ರೀಮಿ ಲೇಯರ್ ಅಂದರೆ ಶ್ರೀಮಂತರು ಅಂತಲೇ ಅರ್ಥವೇ?

ಅಪ್ಪ ಅಮ್ಮ ಇಬ್ಬರೂ ಸರ್ಕಾರಿ ನೌಕರಿಯಲ್ಲಿದ್ದಾರೆ, ಗೆಳೆಯರೆಲ್ಲ ‘ನೀವು ಕ್ರೀಮಿ ಲೇಯರ್ ಬಿಡಿ’ ಅನ್ನುತ್ತಾರೆ, ಹಾಗಂದರೆ ಶ್ರೀಮಂತರು ಅಂತಲೇ ಎಂದು ಕೇಳಿದ್ದೀರಿ. ಅಲ್ಲ. ಈ ಪದವನ್ನು ಹಾಗೆ ತಿಳಿದುಕೊಂಡೇ ನನ್ನ ತಮ್ಮ ಒಂದು ವರ್ಷ ಕಳೆದುಕೊಂಡ. ಅದಕ್ಕೇ ಸ್ವಲ್ಪ ಬಿಡಿಸಿ ಹೇಳುತ್ತೇನೆ.

ಕಾಯಿಸಿದ ಹಾಲು ಆರಿದಾಗ ಮೇಲೆ ಕೆನೆ ಕಟ್ಟುತ್ತದಲ್ಲ, ಮಾತು ಬಂದದ್ದು ಅಲ್ಲಿಂದ. ಪತ್ರಿಕೆಗಳು ‘ಕೆನೆಪದರ’ ಎಂದು ಬರೆಯುತ್ತವೆ. ನಾಡಕಚೇರಿಯ ಸಾಲಿನಲ್ಲಿ ನಿಂತವರ ಬಾಯಲ್ಲಿ ಮಾತ್ರ ಅದು ಕ್ರೀಮಿ ಲೇಯರೇ. 1975ರಲ್ಲಿ ಕೇರಳದ ಗುಮಾಸ್ತರ ಬಡ್ತಿಯ ಪ್ರಕರಣವೊಂದರಲ್ಲಿ ನ್ಯಾಯಮೂರ್ತಿ ವಿ.ಆರ್. ಕೃಷ್ಣ ಅಯ್ಯರ್ ಈ ಪದ ಬಳಸಿದರು. ಹಿಂದುಳಿದವರಲ್ಲೇ ಮೇಲಿನ ಪದರದವರು ಸೌಲಭ್ಯ ಬಾಚಿಕೊಂಡರೆ ತೀರಾ ಕೆಳಗಿದ್ದವರು ಕೆಳಗೇ ಉಳಿಯುತ್ತಾರೆ ಎಂಬುದು ಅವರ ಆತಂಕ. 1992ರ ನವೆಂಬರ್ 16ರಂದು ಇಂದ್ರಾ ಸಾಹ್ನಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಓಬಿಸಿಗಳ, ಅಂದರೆ ಇತರೆ ಹಿಂದುಳಿದ ವರ್ಗಗಳ, ಶೇ 27 ಮೀಸಲಾತಿಯನ್ನು ಎತ್ತಿಹಿಡಿದು, ಕೆನೆಪದರವನ್ನು ಹೊರಗಿಡಬೇಕು ಎಂದಿತು. ಅಲ್ಲಿಂದ ಅದು ಕಾನೂನಿನ ಪದ.

ಹಾಗಾಗಿ ಮೀಸಲಾತಿಯೇ ಇಲ್ಲದ ಜಾತಿಯ ಕೋಟ್ಯಧಿಪತಿಗೆ ಈ ಪದ ಹೊಂದುವುದಿಲ್ಲ. ಓಬಿಸಿ ಪಟ್ಟಿಯೊಳಗಿದ್ದೂ ಮೀಸಲಾತಿ ಸಿಗದವರು ಯಾರು ಎಂದು ಗುರುತಿಸಲು ಮಾತ್ರ ಇರುವ ಪದ ಇದು.

ಎಲ್ಲರೂ ಎಡವುವುದು ಲೆಕ್ಕದಲ್ಲಿ. ಆದಾಯದ ಮಿತಿ 1993ರಲ್ಲಿ 1 ಲಕ್ಷ ಇದ್ದದ್ದು 2017ರಲ್ಲಿ 8 ಲಕ್ಷ ರೂಪಾಯಿ ಆಯಿತು. ಆ ಎಂಟು ಲಕ್ಷ ಒಂದೇ ಎಲ್ಲರ ತಲೆಯಲ್ಲಿ ಕೂತಿದೆ. ನಮ್ಮ ಅಪ್ಪ ಅಮ್ಮ ಇಬ್ಬರೂ ಪ್ರಾಥಮಿಕ ಶಾಲೆಯ ಮೇಷ್ಟ್ರು. 2018ರಲ್ಲಿ ತಮ್ಮ ಅರ್ಜಿ ತುಂಬಲು ಹೋದಾಗ ಅಂಗಡಿಯವರು ಇಬ್ಬರ ಸಂಬಳದ ಚೀಟಿ ಪಕ್ಕಪಕ್ಕ ಇಟ್ಟು, ಹನ್ನೆರಡರಿಂದ ಗುಣಿಸಿ, ಒಂಬತ್ತೂವರೆ ಲಕ್ಷ ದಾಟಿತು ಎಂದು ‘ಜನರಲ್’ ಒತ್ತಿಬಿಟ್ಟರು. ಅಪ್ಪ ಪಕ್ಕದಲ್ಲೇ ನಿಂತಿದ್ದರು, ಹೌದೇನೋ ಅಂದುಕೊಂಡು ಸುಮ್ಮನಾದರು. ಓಬಿಸಿ ಕಟಾಫ್ ದಾಟುವಷ್ಟು ಅಂಕ ಬಂದಿತ್ತು, ಸೀಟು ಬರಲಿಲ್ಲ. ಅವತ್ತು ರಾತ್ರಿ ಅವನು ಊಟ ಬಿಟ್ಟು ಮಲಗಿದ್ದು ನನಗೆ ಇವತ್ತಿಗೂ ಕಣ್ಣಿಗೆ ಕಟ್ಟಿದಂತಿದೆ.

ಕೇಂದ್ರದ ನಿಯಮದಲ್ಲಿ ಆ ಎಂಟು ಲಕ್ಷಕ್ಕೆ ಸಂಬಳ ಸೇರುವುದಿಲ್ಲ, ಬೇಸಾಯದ ಆದಾಯವೂ ಸೇರುವುದಿಲ್ಲ. ಬಾಡಿಗೆ, ವ್ಯಾಪಾರ, ಬಡ್ಡಿಯಂಥ ಬೇರೆ ಆದಾಯ ಸತತ ಮೂರು ವರ್ಷ ಮಿತಿ ದಾಟಿರಬೇಕು. ಸರ್ಕಾರಿ ನೌಕರರ ಮಕ್ಕಳಿಗೆ ಸಂಬಳ ಎಷ್ಟು ಎನ್ನುವುದಕ್ಕಿಂತ ಹುದ್ದೆ ಯಾವುದು ಎನ್ನುವುದೇ ಮುಖ್ಯ. ಸರ್ಕಾರಿ ಹುದ್ದೆಗಳನ್ನು ದರ್ಜೆಯ ಪ್ರಕಾರ ಗ್ರೂಪ್‌ಗಳಾಗಿ ವಿಂಗಡಿಸಿದ್ದಾರೆ, ಎ ಎಲ್ಲಕ್ಕಿಂತ ಮೇಲಿನದು. ಇಬ್ಬರಲ್ಲಿ ಒಬ್ಬರು ನೇರವಾಗಿ (ಬಡ್ತಿಯಿಂದಲ್ಲದೆ) ಗ್ರೂಪ್ ಎ ಹುದ್ದೆಗೆ ಸೇರಿದ್ದರೆ, ಇಲ್ಲವೇ ಇಬ್ಬರೂ ನೇರವಾಗಿ ಗ್ರೂಪ್ ಬಿಗೆ ಸೇರಿದ್ದರೆ ಮಕ್ಕಳು ಕೆನೆಪದರ. ಮೇಷ್ಟ್ರುಗಳು ಗ್ರೂಪ್ ಸಿ, ಹಾಗಾಗಿ ನನ್ನ ತಮ್ಮ ಕೆನೆಪದರವೇ ಆಗಿರಲಿಲ್ಲ. ಜಮೀನಿಗೆ ಬೇರೆಯೇ ಅಳತೆ ಇದೆ, ನಿಮ್ಮ ಪ್ರಶ್ನೆಗೆ ಅದು ಬೇಡ.

ಕರ್ನಾಟಕ ಹಿಂದುಳಿದವರನ್ನು ತನ್ನದೇ ಪ್ರವರ್ಗಗಳಾಗಿ ವಿಂಗಡಿಸಿದೆ. ಆ 2ಎ, 3ಬಿ ಪ್ರಮಾಣಪತ್ರ ಬೇರೆ, ಕೇಂದ್ರದ ಓಬಿಸಿ ಪ್ರಮಾಣಪತ್ರ ಬೇರೆ. ಪ್ರವರ್ಗ 1ಕ್ಕೆ ರಾಜ್ಯದಲ್ಲಿ ಆದಾಯ ಮಿತಿಯೇ ಇಲ್ಲದೆ ಬಂದಿದೆ. ಒಂದರ ನಿಯಮ ಇನ್ನೊಂದಕ್ಕೆ ಹಚ್ಚಬೇಡಿ.

‘ಕ್ರೀಮಿ ಲೇಯರ್’ ಎಂದು ಯಾರನ್ನಾದರೂ ಚುಚ್ಚುವವರಿಗೆ 1985ರ ಒಂದು ತೀರ್ಪು ನೆನಪಿಸಬೇಕು ಅನ್ನಿಸುತ್ತದೆ. ಅದು ಕರ್ನಾಟಕದ್ದೇ ಪ್ರಕರಣ, ಕೆ.ಸಿ. ವಸಂತಕುಮಾರ್ ಅವರದು. ನ್ಯಾಯಮೂರ್ತಿ ಚಿನ್ನಪ್ಪ ರೆಡ್ಡಿ ಅದರಲ್ಲಿ ಕೇಳಿದ್ದು ಸರಳ ಪ್ರಶ್ನೆ: ಮೀಸಲಿಲ್ಲದ ಸೀಟುಗಳನ್ನೂ ಸಮಾಜದ ಮೇಲಿನ ಕೆನೆಯೇ ಹೊಡೆದುಕೊಳ್ಳುವುದಿಲ್ಲವೇ? ಆ ಕೆನೆಗೆ ಯಾರೂ ಹೆಸರಿಡಲಿಲ್ಲ, ಅದಕ್ಕೆ ಸರ್ಟಿಫಿಕೇಟೂ ಬೇಕಿಲ್ಲ. ನನಗೆ ಈ ಮಾತು ಇವತ್ತಿಗೂ ಸರಿ ಎನಿಸುತ್ತದೆ.

ನಿಮ್ಮ ಅಪ್ಪ ಅಮ್ಮ ನೌಕರಿಗೆ ಸೇರುವಾಗ ಯಾವ ಗ್ರೂಪ್‌ನಲ್ಲಿದ್ದರು, ಆಮೇಲೆ ಬಡ್ತಿ ಸಿಕ್ಕಿದ್ದರೆ ಎಷ್ಟನೇ ವಯಸ್ಸಿನಲ್ಲಿ (ಅದೂ ಲೆಕ್ಕಕ್ಕೆ ಬರುತ್ತದೆ) ಎಂದು ಇವತ್ತೇ ಕೇಳಿ ತಿಳಿದುಕೊಳ್ಳಿ. ಅರ್ಜಿಯ ಕೊನೆಯ ದಿನದವರೆಗೆ ಕಾಯಬೇಡಿ, ಪ್ರಮಾಣಪತ್ರ ತಹಶೀಲ್ದಾರರ ಸಹಿಯಾಗಿ ಕೈಗೆ ಬರಲು ದಿನ ಹಿಡಿಯುತ್ತದೆ.