ಬಾಯಿಹುಣ್ಣಿಗೆ ಯಾವ ಮಲ್ಲಿಗೆ?

ಪ್ರಶ್ನೆ: ನನಗೆ ಆಗಾಗ ಬಾಯಿಹುಣ್ಣಾಗುತ್ತದೆ. ಮಲ್ಲಿಗೆ ಎಲೆ ಜಗಿದರೆ ವಾಸಿಯಾಗುತ್ತದೆ ಎನ್ನುತ್ತಾರೆ ನಮ್ಮ ಅತ್ತೆ. ಹಿತ್ತಿಲಲ್ಲಿ ದುಂಡುಮಲ್ಲಿಗೆ, ಜಾಜಿ ಎರಡೂ ಇವೆ, ಯಾವುದನ್ನು ಬಳಸಲಿ? ಮಗುವಿಗೆ ಎದೆಹಾಲು ಕೊಡುತ್ತಿರುವವರು ಮಲ್ಲಿಗೆ ಮುಡಿಯಬಾರದೆಂಬುದು ನಿಜವೇ?
– ಓದುಗರೊಬ್ಬರು, ಉಡುಪಿ

ಉತ್ತರ: ನಿಮ್ಮ ಅತ್ತೆಯವರ ಮಾತಿಗೆ ಆಯುರ್ವೇದದ ಆಧಾರವಿದೆ, ಆದರೆ ಅಲ್ಲಿ ಹೇಳಿರುವುದು ಜಾಜಿಯ ಎಲೆಯನ್ನು. ದುಂಡುಮಲ್ಲಿಗೆಯ ಎಲೆ ಅಗಲವಾಗಿ ಒಂಟಿಯಾಗಿರುತ್ತದೆ. ಜಾಜಿಯಲ್ಲಿ ಒಂದೇ ಕಡ್ಡಿಗೆ ಏಳರಿಂದ ಹನ್ನೊಂದು ಸಣ್ಣ ಎಲೆಗಳಿದ್ದು, ಮೊಗ್ಗಿನ ಹೊರಬದಿಯಲ್ಲಿ ನಸುಗೆಂಪು ಛಾಯೆ ಕಾಣುತ್ತದೆ. ಔಷಧಿ ಸಿಂಪಡಿಸದ ಗಿಡದ ಎಳೆಯ ಎಲೆಗಳನ್ನು ತೊಳೆದು ಜಗಿದು, ರಸವನ್ನು ಹುಣ್ಣಿಗೆ ತಾಗುವಂತೆ ಸ್ವಲ್ಪ ಹೊತ್ತು ಬಾಯಲ್ಲಿಟ್ಟುಕೊಂಡು ಉಗುಳಬೇಕು. ನೀವು ಹಾಲೂಡಿಸುತ್ತಿರುವುದಾದರೆ ರಸವನ್ನು ನುಂಗದಿರುವುದೇ ಕ್ಷೇಮ. ಜಾಜಿ ಎಲೆ, ಅಮೃತಬಳ್ಳಿ, ದ್ರಾಕ್ಷಿ, ಮರದರಿಶಿನ, ತ್ರಿಫಲೆ ಮುಂತಾದವುಗಳ ಕಷಾಯವನ್ನು ಆರಿಸಿ, ಜೇನು ಬೆರೆಸಿ ಬಾಯಿ ತುಂಬ ಹಿಡಿದಿಟ್ಟುಕೊಳ್ಳುವ ಕ್ರಮವನ್ನೂ ಗ್ರಂಥಗಳು ಮುಖಪಾಕಕ್ಕೆ, ಅಂದರೆ ಬಾಯಿಹುಣ್ಣಿಗೆ, ಹೇಳಿವೆ.

ಇದೇ ಎಲೆಯನ್ನು ಬೇವು, ಹೊಂಗೆ ಮೊದಲಾದವುಗಳೊಡನೆ ಸೇರಿಸಿ ತಯಾರಿಸುವ ಜಾತ್ಯಾದಿ ತೈಲವು ಗಾಯಗಳಿಗೆ ಹಚ್ಚುವ ಔಷಧ. ಅದರಲ್ಲಿ ಮೈಲುತುತ್ತ (ಹೊಟ್ಟೆಗೆ ಹೋದರೆ ವಿಷವಾಗುವ ತಾಮ್ರದ ಲವಣ) ಇರುವುದರಿಂದ ಅದನ್ನು ಬಾಯಿಹುಣ್ಣಿಗೆ ಖಂಡಿತ ಹಚ್ಚಬೇಡಿ.

ಹೂವಿನ ವಿಷಯ ಬೇರೆ. ಬಾಣಂತಿಯ ಹಾಲು ನಿಲ್ಲಿಸಬೇಕಾದಾಗ ದುಂಡುಮಲ್ಲಿಗೆಯನ್ನು ಎದೆಗೆ ಕಟ್ಟುವ ರೂಢಿ ದಕ್ಷಿಣ ಭಾರತದಲ್ಲಿದೆ. 1988ರಲ್ಲಿ ಪ್ರಕಟವಾದ ಒಂದು ಅಧ್ಯಯನವು ಇದನ್ನು ಹಾಲು ನಿಲ್ಲಿಸಲು ಕೊಡುವ ಬ್ರೊಮೊಕ್ರಿಪ್ಟಿನ್ ಮಾತ್ರೆಯೊಂದಿಗೆ ಹೋಲಿಸಿತು. ಹಾಲು ಉತ್ಪತ್ತಿ ಮಾಡಿಸುವ ಪ್ರೊಲ್ಯಾಕ್ಟಿನ್ ಹಾರ್ಮೋನಿನ ಪ್ರಮಾಣ ರಕ್ತದಲ್ಲಿ ಮಾತ್ರೆಯಿಂದಲೇ ಹೆಚ್ಚು ಇಳಿದರೂ, ಹಾಲು ಮತ್ತು ಎದೆಬಿಗಿತ ತಗ್ಗಿಸುವಲ್ಲಿ ಎರಡೂ ಸಮನಾಗಿ ಕೆಲಸ ಮಾಡಿದ್ದವು. ಹೂವನ್ನು ಎದೆಗೆ ತಾಗುವಂತೆ ಕಟ್ಟಿ ಕಂಡ ಫಲವಿದು. ಮುಡಿಗೆ ಒಂದು ಮೊಳ ಹೂ ಇಟ್ಟವರಿಗೆ ಅದನ್ನು ಅನ್ವಯಿಸಲು ಬರುವುದಿಲ್ಲ. ಆದ್ದರಿಂದ ನೀವು ಮನಸ್ಸಿಗೆ ಹಿತವೆನಿಸಿದಷ್ಟು ಮುಡಿಯಬಹುದು, ಎದೆಗೆ ಮಾತ್ರ ಕಟ್ಟಿಕೊಳ್ಳಬೇಡಿ.

ಹುಣ್ಣು ಮರುಕಳಿಸುತ್ತಿರುವುದೇ ನನಗೆ ಹೆಚ್ಚು ಕಾಳಜಿಯ ಸಂಗತಿ. ಕಬ್ಬಿಣಾಂಶ ಅಥವಾ ಬಿ12 ಕೊರತೆಯಿದ್ದರೆ ಯಾವ ಎಲೆಯೂ ಅದನ್ನು ತುಂಬಿಕೊಡದು. ರಕ್ತ ಪರೀಕ್ಷೆ ಮಾಡಿಸಿ. ಎರಡು ವಾರ ಕಳೆದರೂ ಒಂದೇ ಜಾಗದ ಹುಣ್ಣು ಮಾಯದಿದ್ದರೆ, ಅದರಲ್ಲೂ ಎಲೆಅಡಿಕೆ, ತಂಬಾಕಿನ ಅಭ್ಯಾಸವಿದ್ದರೆ, ತಡಮಾಡದೆ ದಂತವೈದ್ಯರಿಗೆ ತೋರಿಸಿ.