ಬಿರುಗಾಳಿಯ ದಿಬ್ಬದ ಮನೆ ಎಲ್ಲಿದೆ?

ಪ್ರಶ್ನೆ: ಎಮಿಲಿ ಬ್ರಾಂಟೆಯ ‘ವುದರಿಂಗ್ ಹೈಟ್ಸ್’ ಕಾದಂಬರಿಯಲ್ಲಿ ಬರುವ ಮನೆ ಇಂಗ್ಲೆಂಡಿನಲ್ಲಿ ಈಗಲೂ ಪಾಳುಬಿದ್ದು ನಿಂತಿದೆಯೆಂದು ಅಲ್ಲಿಗೆ ಹೋಗಿಬಂದ ನಮ್ಮ ಬಂಧುಗಳು ಹೇಳುತ್ತಾರೆ. ಇದು ನಿಜವೇ?
– ಓದುಗರೊಬ್ಬರು, ಧಾರವಾಡ

ಉತ್ತರ: ನಿಮ್ಮ ಬಂಧುಗಳು ನೋಡಿರುವುದು ಯಾರ್ಕ್‌ಷೈರಿನ ಹಾವರ್ತ್ ಊರಿನಾಚೆ, ಬಯಲುಗುಡ್ಡದ ಮೇಲಿರುವ ಟಾಪ್ ವಿದೆನ್ಸ್ ಎಂಬ ಹಳೆಯ ರೈತಮನೆಯನ್ನೇ ಇರಬೇಕು. ಅಲ್ಲಿ ಈಗ ಉಳಿದಿರುವುದು ಚಾವಣಿಯಿಲ್ಲದ ಕಲ್ಲುಗೋಡೆಗಳು ಮಾತ್ರ. ಆದರೂ ದೂರದೇಶಗಳಿಂದ ಓದುಗರು ಬರುತ್ತಲೇ ಇರುತ್ತಾರೆ. ದಾರಿ ತೋರುವ ಫಲಕಗಳ ಮೇಲೆ ಜಪಾನಿ ಬರಹವೂ ಇದೆ. ಇಷ್ಟಾಗಿಯೂ, ಬ್ರಾಂಟೆ ಸೊಸೈಟಿಯವರು 1964ರಲ್ಲಿ ಆ ಗೋಡೆಗೆ ಹಾಕಿಸಿದ ಫಲಕ ಬಂದವರಿಗೆ ಸತ್ಯವನ್ನೇ ಹೇಳುತ್ತದೆ: ಕಟ್ಟಡ ಸುಸ್ಥಿತಿಯಲ್ಲಿದ್ದಾಗಲೂ ಕಾದಂಬರಿಯ ಮನೆಯನ್ನು ಹೋಲುತ್ತಿರಲಿಲ್ಲ, ಆದರೆ ಅದು ನಿಂತಿರುವ ಜಾಗ ಲೇಖಕಿಯ ಮನಸ್ಸಿನಲ್ಲಿ ಇದ್ದಿರಬಹುದು.

ನನಗೂ ಇದೇ ಸರಿಯೆನ್ನಿಸುತ್ತದೆ. 1847ರಲ್ಲಿ ಎಲಿಸ್ ಬೆಲ್ ಎಂಬ ಹೆಸರಿನಲ್ಲಿ ಪ್ರಕಟವಾದ ಈ ಕಾದಂಬರಿಯ ಮೊದಲ ಅಧ್ಯಾಯವನ್ನು ಮತ್ತೊಮ್ಮೆ ಓದಿ ನೋಡಿ. ಗಾಳಿಯ ಹೊಡೆತಕ್ಕೆ ಒಂದೇ ಕಡೆಗೆ ವಾಲಿದ ಗಿಡ್ಡ ಮರಗಳು, ಬಿಸಿಲನ್ನು ಭಿಕ್ಷೆ ಬೇಡುವಂತೆ ಕೈಚಾಚಿದ ಬಡಕಲು ಮುಳ್ಳುಗಿಡಗಳು, ಗೋಡೆಯಲ್ಲಿ ಆಳವಾಗಿ ಹುದುಗಿದ ಇಕ್ಕಟ್ಟಿನ ಕಿಟಕಿಗಳು ಅಲ್ಲಿವೆ. ಪಾದ್ರಿಯ ಮಗಳಾಗಿ ಹಾವರ್ತಿನಲ್ಲಿ ಬೆಳೆದ ಎಮಿಲಿ ದಿನವೂ ತಿರುಗಾಡಿದ ಗುಡ್ಡ ಇದೇ ಆದ್ದರಿಂದ, ಆ ಗಾಳಿಯನ್ನು ಆಕೆ ಬೇರೆಲ್ಲಿಂದಲೂ ತರಬೇಕಾಗಿರಲಿಲ್ಲ.

ಮನೆಯ ವಿಚಾರ ಹಾಗಲ್ಲ. ಹಾವರ್ತಿಗೆ ಹತ್ತಿರದ ಪಾಂಡನ್ ಹಾಲ್‌ನ ಬಾಗಿಲ ಮೇಲೆ 1801 ಎಂಬ ಇಸವಿಯನ್ನು ಕೆತ್ತಲಾಗಿದೆ. ಕಾದಂಬರಿ ಆರಂಭವಾಗುವುದೂ ಅದೇ ಇಸವಿಯಿಂದ. ಕಥೆಯ ಇನ್ನೊಂದು ಮನೆಯಾದ ತ್ರಷ್‌ಕ್ರಾಸ್ ಗ್ರೇಂಜ್‌ಗೆ ಇದು ಮೂಲವೆಂದು ಹಲವರು ಹೇಳುವುದುಂಟು, ಆದರೆ ಗ್ರೇಂಜ್‌ನ ವೈಭವ ಈ ಮನೆಗೆ ಇಲ್ಲ.

ನನ್ನನ್ನು ಹೆಚ್ಚು ಒಪ್ಪಿಸುವುದು ಹ್ಯಾಲಿಫ್ಯಾಕ್ಸ್ ಬಳಿಯಿದ್ದ ಹೈ ಸಂಡರ್ಲೆಂಡ್ ಹಾಲ್. ಎಮಿಲಿ 1838ರ ಸುಮಾರಿಗೆ ಅದೇ ಪ್ರದೇಶದ ಲಾ ಹಿಲ್ ಶಾಲೆಯಲ್ಲಿ ಕೆಲವು ತಿಂಗಳು ಅಧ್ಯಾಪಕಿಯಾಗಿದ್ದಳು. ಹೈ ಸಂಡರ್ಲೆಂಡಿನ ಹೆಬ್ಬಾಗಿಲ ಸುತ್ತ ವಿಕಾರ ಮುಖಗಳೂ ಬತ್ತಲೆ ಆಕೃತಿಗಳೂ ಕಲ್ಲಿನಲ್ಲಿ ಮೂಡಿದ್ದವು. ಕಾದಂಬರಿಯ ನಿರೂಪಕ ಲಾಕ್‌ವುಡ್ ಒಳಗೆ ಹೋಗುವ ಮುನ್ನ ಹೊಸ್ತಿಲಲ್ಲಿ ನಿಂತು ನೋಡುವುದೂ ಇಂಥ ಕೆತ್ತನೆಗಳನ್ನೇ. ಆ ಮನೆಯನ್ನು 1950ರ ದಶಕದ ಆರಂಭದಲ್ಲಿ ಕೆಡವಿದರು. ಈಗ ಆ ಬಾಗಿಲನ್ನು ನೋಡಬೇಕೆಂದರೆ ಹಳೆಯ ಛಾಯಾಚಿತ್ರಗಳನ್ನೇ ಹುಡುಕಬೇಕು.